ಎಣಿಕೆಯ ಚಿತ್ರದಲ್ಲಿ ಅತ್ತೆ

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು. ಅದನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ಕೋಣೆಯ ಬಾಗಿಲಿಗೆ ಜಡಿಸಿಯೂ ಇದ್ದರು. ಆದರೆ ಬೆನ್ನ ಹಿಂದೆ ಇಡೀ ಆಸ್ಪತ್ರೆ ಅವರನ್ನು ಕರೆಯುತ್ತಿದ್ದದ್ದು ವಯೋಸಹಜ ಡಾಕ್ಟರು ಎಂದು. ಸ್ಕ್ಯಾನ್ ಯಂತ್ರ ತೆಗೆದ ಚಿತ್ರಗಳನ್ನು ನೋಡಿ ಒಳಗೇನಿದೆ ಎಂದು ಬರೆದುಕೊಡುವುದು ಅವರ ಕೆಲಸ, ಅದರಲ್ಲೂ ಬೆನ್ನಿನ ಚಿತ್ರಗಳೆಂದರೆ ಅವರದ್ದು ಎತ್ತಿದ ಕೈ. ಯಾರ ಬೆನ್ನೇ ಬರಲಿ, ಎಂಥ ನೋವೇ ಇರಲಿ, ರಿಪೋರ್ಟಿನ ಕೊನೆಯ ಸಾಲು ಮಾತ್ರ ಬದಲಾಗುತ್ತಿರಲಿಲ್ಲ: "ವಯೋಸಹಜ ಸವಕಳಿ. ಗಾಬರಿಪಡುವಂಥದ್ದು ಏನೂ ಇಲ್ಲ."

ಈ ಸಾಲನ್ನು ಪ್ರತಿಸಲ ಬರೆಯುವುದು ಬೇಸರವೆಂದು ಅವರು ಕಂಪ್ಯೂಟರಿನಲ್ಲಿ ಒಂದು ಏರ್ಪಾಟು ಮಾಡಿಕೊಂಡಿದ್ದರು. ಕೀಬೋರ್ಡಿನ ಮೂಲೆಯ ಒಂದು ಕೀಲಿ ಒತ್ತಿದರೆ ಸಾಕು, ಇಡೀ ಸಾಲು ಪರದೆಯ ಮೇಲೆ ಬಂದು ಕೂರುತ್ತಿತ್ತು. ಒತ್ತಿ ಒತ್ತಿ ಆ ಕೀಲಿಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಆ ಆಸ್ಪತ್ರೆಯಲ್ಲಿ ನಿಜವಾದ ವಯೋಸಹಜ ಸವಕಳಿ ಆಗಿದ್ದದ್ದು ಅದಕ್ಕೇ ಎಂದು ಜೊತೆಯವರು ಚಹಾ ಕುಡಿಯುವಾಗ ಆಡಿಕೊಳ್ಳುತ್ತಿದ್ದರು.

ತಮಾಷೆ ಏನೆಂದರೆ, ಹೆಚ್ಚಿನ ಸಲ ಅವರ ಮಾತು ಸರಿಯೇ ಆಗಿರುತ್ತಿತ್ತು. ವಯಸ್ಸಾದ ಮೇಲೆ ಯಾರ ಬೆನ್ನು ತೆರೆದು ನೋಡಿದರೂ ಎಲ್ಲೋ ಒಂದು ಡಿಸ್ಕ್ ಉಬ್ಬಿರುತ್ತದೆ, ಎಲ್ಲೋ ಒಂದು ಮೂಳೆ ಸವೆದಿರುತ್ತದೆ. ಹಾಗೆ ಸರಿಯಾಗಿ ಸರಿಯಾಗಿ ಅಭ್ಯಾಸವಾದ ಮನುಷ್ಯನಿಗೆ ತಾನು ತಪ್ಪಲೂ ಸಾಧ್ಯ ಎಂಬುದು ಮರೆತುಹೋಗುತ್ತದೆ. ನಮ್ಮ ಡಾಕ್ಟರಿಗೂ ಮರೆತುಹೋಗಿತ್ತು. ಕತ್ತಲ ಕೋಣೆಯಲ್ಲಿ, ಎರಡು ದೊಡ್ಡ ಪರದೆಗಳ ನಡುವೆ, ಏಸಿಯ ಚಳಿಗೆ ಸ್ವೆಟರ್ ಹಾಕಿಕೊಂಡು, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಅವರು ಊರಿನ ಬೆನ್ನುಗಳ ತೀರ್ಪು ಬರೆಯುತ್ತಿದ್ದರು.

ಆ ಬಾಗಿದ ಬೆನ್ನಿನ ಬಗ್ಗೆ ಜಗತ್ತಿನಲ್ಲಿ ಒಬ್ಬರು ಮಾತ್ರ ಬಾಯಿ ಬಿಟ್ಟು ಹೇಳುತ್ತಿದ್ದರು. ಅದು ಅವರ ಅತ್ತೆ, ಹೆಂಡತಿಯ ತಾಯಿ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತಿಯಾದವರು, ಈಗ ಮಗಳ ಮನೆಯಲ್ಲೇ ಇದ್ದರು. ಕೊರಳಿನ ಸೀಟಿ ಹೋದರೂ ಗಂಟಲಿನ ಸೀಟಿ ಹಾಗೇ ಉಳಿದಿತ್ತು. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲು ಹೋದರೆ ಗುರುತು ಪರಿಚಯ ಇಲ್ಲದವರನ್ನೂ ನಿಲ್ಲಿಸಿ ಭುಜ ಹಿಂದಕ್ಕೆ ತಳ್ಳಿ ಸರಿಮಾಡಿ ಬರುತ್ತಿದ್ದರು. ಅಳಿಯ ಊಟಕ್ಕೆ ಕೂತರಂತೂ ಮೊದಲು ಬೀಳುತ್ತಿದ್ದದ್ದು ಅನ್ನವಲ್ಲ, ಅತ್ತೆಯ ಮಾತು.

"ಅಳಿಯಂದಿರೇ, ಬೆನ್ನು ನೆಟ್ಟಗೆ! ಬೆನ್ನಿನ ಡಾಕ್ಟ್ರೇ ಹೀಗೆ ಗೂನು ಹಾಕ್ಕೊಂಡು ಕೂತ್ರೆ ರೋಗಿಗಳ ಗತಿ ಏನು?"

ಡಾಕ್ಟರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅತ್ತೆ ಆಚೆ ತಿರುಗಿದ ಕೂಡಲೇ ಮತ್ತೆ ಬಾಗಿಸುತ್ತಿದ್ದರು. ಇಷ್ಟು ದೊಡ್ಡ ಡಾಕ್ಟರಾದ ತನ್ನನ್ನು ಈ ಮುದುಕಿ ಮೂರನೇ ತರಗತಿಯ ಹುಡುಗನ ಹಾಗೆ ಗದರಿಸುತ್ತಾಳಲ್ಲ ಎಂಬ ಸಿಟ್ಟು ಅವರಿಗೆ ಮೊದಲಿನಿಂದಲೂ ಇತ್ತು.

ಅಂಥ ಅತ್ತೆ ಒಂದು ಬೆಳಿಗ್ಗೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಪಾರ್ಕಿನಿಂದ ಮನೆಗೆ ಬಂದರು. ಇನ್ನೊಂದು ಎಲ್ಲಿ ಎಂದು ಮಗಳು ಕೇಳಿದಾಗಲೇ ಅವರು ಕೆಳಗೆ ನೋಡಿಕೊಂಡದ್ದು. ಚಪ್ಪಲಿ ಕಾಲಿನಿಂದ ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅಳಿಯ.

"ಅತ್ತೆ ಮನೆಗೆ ಬಂದ್ರೂ ಚಪ್ಪಲಿ ಇನ್ನೂ ವಾಕಿಂಗ್ ಮಾಡ್ತಿದೆ ನೋಡು."

ಆಮೇಲೆ ಮೆಟ್ಟಿಲು ಕಷ್ಟವಾಯಿತು. ನೆಲ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಅನ್ನಿಸುತ್ತದೆ ಎಂದರು. ಎದೆಯ ಕೆಳಗೆ, ಸುತ್ತಲೂ, ಯಾರೋ ಬೆಲ್ಟು ಬಿಗಿದು ಹಿಡಿದ ಹಾಗಿದೆ ಎಂದರು. ಅಳಿಯ ಪೇಪರಿನಿಂದ ತಲೆ ಎತ್ತದೆ "ಗ್ಯಾಸ್" ಎಂದರು. ಬೆಲ್ಟು ಬಿಗಿದ ಹಾಗೆ ಅನ್ನುವ ಮಾತು ಬೇರೆ ಯಾವ ರೋಗಿಯ ಬಾಯಿಂದ ಬಂದಿದ್ದರೂ ಅವರ ಕಿವಿ ನೆಟ್ಟಗಾಗುತ್ತಿತ್ತು. ಎದೆಯ ಮಟ್ಟದಲ್ಲಿ ಬೆನ್ನುಹುರಿಯನ್ನು ಏನೋ ಅದುಮುತ್ತಿದ್ದರೆ ಹಾಗೆ ಆಗುತ್ತದೆ ಎಂದು ವರ್ಷವರ್ಷವೂ ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುತ್ತಿದ್ದವರು ಅವರೇ. ಆದರೆ ಪಾಠದಲ್ಲಿ ಹೇಳುವ ರೋಗಿ ಬೇರೆ, ಊಟದ ಮೇಜಿನಲ್ಲಿ ಎದುರು ಕೂತು ಗದರಿಸುವ ಅತ್ತೆ ಬೇರೆ.

ಕೊನೆಗೆ ಹೆಂಡತಿಯ ಕಾಟ ತಡೆಯಲಾರದೆ ಸ್ಕ್ಯಾನಿಗೆ ಒಪ್ಪಿದರು. ಚೀಟಿಯನ್ನು ತಾವೇ ಬರೆದರು: ಸೊಂಟ. ಕಾಲು ಸೋಲುತ್ತಿದೆ ಎಂದರೆ ಸೊಂಟದ ಚಿತ್ರ ತೆಗೆಸುವುದು ಕೈಗೆ ಅಂಟಿದ ರೂಢಿ. ಬೆನ್ನುಹುರಿ ಸೊಂಟ ಶುರುವಾಗುವಲ್ಲೇ ಮುಗಿದುಹೋಗುತ್ತದೆ, ಕಾಲಿಗೆ ಹೋಗುವ ನರದ ತಂತಿಗಳೆಲ್ಲ ಮೇಲಿನಿಂದ, ಎದೆಯ ಹಿಂದಿನಿಂದ ಇಳಿದು ಬರುತ್ತವೆ, ತೊಂದರೆ ಮೇಲೆಯೂ ಇರಬಹುದು. ಇದನ್ನೂ ಅವರೇ ಪಾಠ ಹೇಳುತ್ತಿದ್ದರು.

ಇಲ್ಲಿ ಒಂದು ಸಣ್ಣ ವಿಷಯ ತಿಳಿದಿರಬೇಕು. ಸೊಂಟದ ಚಿತ್ರ ತೆಗೆಯುವ ಮೊದಲು ಯಂತ್ರ ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನಿನ ಒಂದು ಒರಟು ಚಿತ್ರವನ್ನು ಸರ್ರನೆ ತೆಗೆದುಬಿಡುತ್ತದೆ. ಅದು ಎಣಿಕೆಗೆ. ಮೂಳೆಗಳನ್ನು ಕುತ್ತಿಗೆಯಿಂದ ಎಣಿಸಿಕೊಂಡು ಬಂದು, ಸೊಂಟದ್ದು ಯಾವುದು, ಎಷ್ಟನೆಯದು ಎಂದು ಗುರುತು ಹಾಕದಿದ್ದರೆ ಸರ್ಜನ್ ಒಂದು ಮೂಳೆ ಬಿಟ್ಟು ಇನ್ನೊಂದು ಮೂಳೆಯ ಹತ್ತಿರ ಕತ್ತಿ ಇಡುತ್ತಾನೆ. ಎಣಿಸಿದ ಮೇಲೆ ಆ ಚಿತ್ರದ ಕೆಲಸ ಮುಗಿಯಿತು, ಯಾರೂ ಅದನ್ನು ನೋಡುವುದಿಲ್ಲ. ಪುಟದ ಸಂಖ್ಯೆ ನೋಡಿಕೊಂಡು ಪುಟವನ್ನೇ ಓದದೆ ಬಿಟ್ಟ ಹಾಗೆ. ಆ ಕೆಲಸದವರೆಲ್ಲ ಹಾಗೇ ಮಾಡುತ್ತಾರೆ, ಯಾರಿಗೂ ಅದರಲ್ಲಿ ತಪ್ಪು ಕಂಡಿಲ್ಲ.

ಅತ್ತೆಯ ಚಿತ್ರಗಳು ಪರದೆಗೆ ಬಂದಾಗ ಡಾಕ್ಟರು ಫೋನಿನಲ್ಲಿದ್ದರು. ಆ ಕಡೆ ಗ್ಯಾರೇಜಿನವನು. ಕಾರಿನ ಹಿಂದಿನ ಚಕ್ರದ ಹತ್ತಿರ ಕಟಕಟ ಶಬ್ದ ಬರುತ್ತಿತ್ತು.

"ಶಬ್ದ ಹಿಂದೆ ಬರ್ತಿದೆ ಅಂತ ಬರೀ ಹಿಂದೆ ನೋಡಿ ಬಿಡ್ಬೇಡಪ್ಪ," ಎಂದು ಅವರು ಹೇಳುತ್ತಿದ್ದರು. "ಮುಂದಿನಿಂದ ಹಿಂದಿನ ತನಕ ಪೂರ್ತಿ ನೋಡು. ಕಾಯಿಲೆ ಒಂದು ಕಡೆ ಇರುತ್ತೆ, ಶಬ್ದ ಇನ್ನೊಂದು ಕಡೆ ಬರುತ್ತೆ. ಅಷ್ಟೂ ಗೊತ್ತಿಲ್ವಾ?"

ಹೀಗೆ ಗ್ಯಾರೇಜಿನವನಿಗೆ ಬುದ್ಧಿ ಹೇಳುತ್ತಲೇ ಅವರು ಎಣಿಕೆಯ ಚಿತ್ರದ ಮೂಳೆಗಳನ್ನು ಎಣಿಸಿದರು, ಸೊಂಟದಲ್ಲಿ ಸ್ವಲ್ಪ ಉಬ್ಬಿದ ಡಿಸ್ಕ್ ಕಂಡು ಸಮಾಧಾನಪಟ್ಟರು, ಅಕ್ಷರ ಅಳಿಸಿಹೋದ ಕೀಲಿ ಒತ್ತಿದರು. ವಯೋಸಹಜ ಸವಕಳಿ. ಗಾಬರಿಪಡುವಂಥದ್ದು ಏನೂ ಇಲ್ಲ. ಕೆಳಗೆ ಅವರ ಸಹಿ ಬಿತ್ತು.

ಆ ಸಹಿ ಅತ್ತೆಗೆ ಎಂಥ ಗೋಡೆಯಾಯಿತೆಂದರೆ, ಊರಿನ ಯಾವ ಡಾಕ್ಟರ ಬಾಗಿಲೂ ಆಮೇಲೆ ಅವರಿಗೆ ಸರಿಯಾಗಿ ತೆರೆಯಲಿಲ್ಲ. ಮಗಳು ಅವರನ್ನು ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆತ ಮೊಣಕಾಲಿಗೆ ತಟ್ಟಿ ನೋಡುವ ಸಣ್ಣ ಸುತ್ತಿಗೆಯನ್ನು ಡ್ರಾಯರಿನಿಂದ ತೆಗೆದದ್ದೂ ಆಯಿತು. ಅಷ್ಟರಲ್ಲಿ ರಿಪೋರ್ಟಿನ ಕೆಳಗಿನ ಸಹಿ ಕಣ್ಣಿಗೆ ಬಿತ್ತು. ಸುತ್ತಿಗೆ ವಾಪಸು ಡ್ರಾಯರಿಗೆ ಹೋಯಿತು.

"ಸ್ವಂತ ಅಳಿಯಂದಿರೇ ನೋಡಿದ್ದಾರೆ. ಅವರು ನೋಡಿದ ಮೇಲೆ ನಾನೇನು ಹೆಚ್ಚು ನೋಡ್ಲಿ ಹೇಳಿ?" ಎಂದು ಆತ ನಕ್ಕು ವಿಟಮಿನ್ ಮಾತ್ರೆ ಬರೆದ. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು, ತಾಯಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದ. "ವಯಸ್ಸಾದೋರಿಗೆ ಮನೆಯವರ ಗಮನ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ಏನಾದ್ರೂ ಒಂದು ಹೇಳ್ತಿರ್ತಾರೆ."

ಅತ್ತೆ ಮನೆಗೆ ಬಂದವರೇ ಮಾತ್ರೆಯ ಪೊಟ್ಟಣವನ್ನು ಮೇಜಿನ ಮೇಲೆ ಎಸೆದರು.

"ನನಗೆ ಯಾರ ಗಮನವೂ ಬೇಡ, ಕಾಲು ಬೇಕು. ಕೇಳಿಸ್ತಾ ಅಳಿಯಂದಿರೇ? ನನಗೆ ನನ್ನ ಕಾಲು ಬೇಕು!"

"ಅತ್ತೆ, ಯಂತ್ರ ಸುಳ್ಳು ಹೇಳಲ್ಲ," ಎಂದರು ಅಳಿಯ. ಯಂತ್ರ ಸುಳ್ಳು ಹೇಳಿರಲಿಲ್ಲ ಎಂಬುದೇನೋ ನಿಜ.

ದಿನ ಕಳೆದ ಹಾಗೆ ಅತ್ತೆ ಗೋಡೆ ಹಿಡಿದು ನಡೆಯತೊಡಗಿದರು. ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ. ಜೀವಮಾನವಿಡೀ ಸಾವಿರಾರು ಮಕ್ಕಳ ಹೆಜ್ಜೆ ತಿದ್ದಿದವರಿಗೆ ತಮ್ಮ ಕಾಲು ಎಲ್ಲಿದೆ ಎಂದು ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕಾದ ಗತಿ ಬಂತು. ಹೊಸದಾಗಿ ಬಣ್ಣ ಹೊಡೆಸಿದ ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿ ಅವರ ಅಂಗೈ ಗುರುತುಗಳ ಸಾಲು ಮೂಡಿತು. ಡಾಕ್ಟರು ಅದನ್ನು ತಪ್ಪದೆ ಗಮನಿಸಿದರು. ಬಣ್ಣ ಹಾಳಾಯಿತಲ್ಲ ಎಂದು ಹೆಂಡತಿಯ ಹತ್ತಿರ ಗೊಣಗಿದರು.

"ಇನ್ನೊಂದು ಸಲ ಆ ಚಿತ್ರ ನೋಡ್ರೀ," ಎಂದಳು ಹೆಂಡತಿ.

"ಅಂದ್ರೆ? ನನ್ನ ರಿಪೋರ್ಟ್ ಮೇಲೆ ನಿನಗೇ ನಂಬಿಕೆ ಇಲ್ಲ?"

"ರಿಪೋರ್ಟ್ ಮೇಲೆ ಇದೆ. ಅಮ್ಮನ ಕಾಲಿಗೆ ಮಾತ್ರ ಆ ರಿಪೋರ್ಟ್ ಓದೋಕೆ ಬರ್ತಿಲ್ಲ."

ಡಾಕ್ಟರು ಮುಖ ಊದಿಸಿಕೊಂಡು ಆಸ್ಪತ್ರೆಗೆ ಹೋದರು. ಅಂದು ಅವರ ಪಾಠದ ದಿನ. ವಿಷಯ, ಬೆನ್ನುಮೂಳೆಗಳನ್ನು ಎಣಿಸುವಾಗ ಆಗುವ ತಪ್ಪುಗಳು. ಇತರರ ತಪ್ಪುಗಳ ಬಗ್ಗೆ ಮಾತಾಡುವುದೆಂದರೆ ಅವರಿಗೆ ಹಬ್ಬ. ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಲು ಎಣಿಕೆಯ ಒಂದು ಸ್ವಚ್ಛ ಚಿತ್ರ ಬೇಕಾಗಿತ್ತು. ಹುಡುಕಿದರೆ ಎಲ್ಲವೂ ಮಸುಕು. ಯಂತ್ರದೊಳಗೆ ಮಲಗಿದವರು ಕೆಮ್ಮುತ್ತಾರೆ, ಕೆರೆದುಕೊಳ್ಳುತ್ತಾರೆ, ಹೊರಗೆ ಬಿಡಿ ಎಂದು ಒದ್ದಾಡುತ್ತಾರೆ. ಕದಲದೆ ಮಲಗಿದ್ದವರು ಒಬ್ಬರೇ. ಅಟೆನ್ಷನ್ ಎಂದರೆ ಅಟೆನ್ಷನ್ ಎಂದು ಬದುಕಿದ ಅತ್ತೆ ಯಂತ್ರದೊಳಗೂ ಕಡ್ಡಿಯ ಹಾಗೆ ಮಲಗಿದ್ದರು. ಅವರ ಚಿತ್ರ ಗೆರೆ ಎಳೆದ ಹಾಗೆ ಬಂದಿತ್ತು. ಡಾಕ್ಟರು ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದು ಅದನ್ನೇ ಪಾಠಕ್ಕೆ ಸೇರಿಸಿಕೊಂಡಿದ್ದರು. ಮುದುಕಿಯಿಂದ ಒಂದಾದರೂ ಉಪಯೋಗವಾಯಿತು ಎಂದುಕೊಂಡಿದ್ದರು.

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಕಿರಿಯ ಡಾಕ್ಟರಮ್ಮ ಕೂತಿದ್ದಳು. ಡಾಕ್ಟರು ಕೆಮ್ಮಿದರೂ ಬರೆದುಕೊಳ್ಳುವವಳು ಅವಳು. ದೀಪಗಳು ಆರಿದವು, ಗೋಡೆಯ ಮೇಲೆ ಆಳೆತ್ತರದ ಬೆನ್ನು ಮೂಡಿತು. ಡಾಕ್ಟರು ಕೆಂಪು ಚುಕ್ಕೆಯ ಲೈಟನ್ನು ಹಿಡಿದು ಕುತ್ತಿಗೆಯಿಂದ ಶುರು ಮಾಡಿದರು. ಕುತ್ತಿಗೆಯ ಏಳು ಮೂಳೆ ಮುಗಿಯಿತು. ಎದೆಯದ್ದು ಶುರುವಾಯಿತು.

"ಎದೆ ಒಂದು. ಎರಡು. ಮೂರು. ಎಣಿಸೋದು ಅಂದ್ರೆ ಹೀಗೆ, ನಿಧಾನವಾಗಿ, ಒಂದೊಂದರ ಮೇಲೂ ಕಣ್ಣಿಟ್ಟು. ಗಡಿಬಿಡಿ ಮಾಡೋನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಆರು. ಏಳು…"

ಕೆಂಪು ಚುಕ್ಕೆ ಎಂಟನೆಯದರ ಮೇಲೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ.

ಬೆನ್ನುಹುರಿಯ ಸುತ್ತ ನೀರು ಬೆಳ್ಳಗೆ ಕಾಣಬೇಕಾದ ಜಾಗದಲ್ಲಿ ಹುರುಳಿಕಾಳಿಗಿಂತ ದಪ್ಪನೆಯ ಒಂದು ಬೂದು ಗಂಟು ಕೂತಿತ್ತು. ಹುರಿ ಅದರ ಎದುರು ಮುಂದಕ್ಕೆ ಬಾಗಿ, ತೆಳ್ಳಗಾಗಿ, ದಾರಿ ಬಿಟ್ಟುಕೊಟ್ಟಿತ್ತು. ಕಂಪ್ಯೂಟರಿನ ಪರದೆಯಲ್ಲಿ ಅಂಗೈ ಅಗಲದ ಚಿತ್ರ, ಗೋಡೆಯ ಮೇಲೆ ಆಳೆತ್ತರ. ಕಾಣಬಾರದೆಂದು ಹಟ ಹಿಡಿದವನಿಗೂ ಕಾಣುವ ಹಾಗಿತ್ತು. ಚಪ್ಪಲಿ, ಹತ್ತಿಯ ನೆಲ, ಬಿಗಿದ ಬೆಲ್ಟು, ಗೋಡೆಯ ಮೇಲಿನ ಅಂಗೈಗಳು ಎಲ್ಲವೂ ಒಟ್ಟಿಗೆ ಡಾಕ್ಟರ ಮೇಲೆ ಬಂದು ಬಿದ್ದವು.

"ಸರ್," ಎಂದಳು ಕನ್ನಡಕದ ಡಾಕ್ಟರಮ್ಮ, "ಎಂಟರ ಹತ್ರ ಇರೋದು ಏನು?"

ಹಾಲ್ ಪೂರ್ತಿ ತಲೆ ಎತ್ತಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇದು ಗಡ್ಡೆ, ನನಗೆ ಈಗಷ್ಟೇ ಕಂಡಿತು. ನಾಲಿಗೆಯ ತುದಿಯವರೆಗೆ ಬಂದ ಆ ಮಾತನ್ನು ಡಾಕ್ಟರು ನುಂಗಿದರು. ಅದರ ಜಾಗದಲ್ಲಿ ಬೇರೊಂದು ಹೊರಗೆ ಬಂತು, ಅದೂ ಎಂಥ ಸರಾಗವಾಗಿ ಬಂತೆಂದರೆ ಅವರಿಗೇ ಆಶ್ಚರ್ಯವಾಯಿತು.

"ಅದಾ? ಅದು ನೀರಿನ ನೆರಳು. ಹುರಿಯ ಸುತ್ತ ನೀರು ಹರೀತಾ ಇರುತ್ತಲ್ಲ, ಆಗ ಚಿತ್ರದಲ್ಲಿ ಹೀಗೆ ಕಪ್ಪುಕಪ್ಪಾಗಿ ಬೀಳುತ್ತೆ. ಅನುಭವ ಇಲ್ಲದೋರು ಗಡ್ಡೆ ಅಂತ ಹೆದರ್ತಾರೆ."

"ಆದ್ರೆ ಹುರಿ ಮುಂದಕ್ಕೆ ಬಾಗಿದ ಹಾಗಿದೆಯಲ್ಲ ಸರ್?"

"ಒರಟು ಚಿತ್ರ ಕಣಮ್ಮ. ಇದರಲ್ಲಿ ಏನೇನೋ ಕಾಣುತ್ತೆ. ಎಣಿಕೆಯ ಚಿತ್ರ ಇರೋದು ಎಣಿಸೋಕೆ, ಓದೋಕಲ್ಲ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ನೀರಿನ ನೆರಳು ಎಂಬುದು ಇರುವುದೇನೋ ನಿಜ. ಆದರೆ ನೆರಳು ಯಾವುದನ್ನೂ ತಳ್ಳುವುದಿಲ್ಲ. ತಳ್ಳಿದ್ದರೆ ಅದು ನೆರಳಲ್ಲ. ಇದನ್ನು ಆ ಹಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಡಾಕ್ಟರೇ. ಅವರು ಒಂಬತ್ತು, ಹತ್ತು ಎಂದು ಮುಂದೆ ಎಣಿಸಿದರು. ಕೆಂಪು ಚುಕ್ಕೆ ಗೋಡೆಯ ಮೇಲೆ ಸೊಳ್ಳೆಯ ಹಾಗೆ ಹಾರಾಡುತ್ತಿತ್ತು.

ಪಾಠ ಮುಗಿದದ್ದೇ ತಡ, ಕತ್ತಲ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡು ಮತ್ತೆ ನೋಡಿದರು. ಗಂಟು ಎಲ್ಲಿಗೂ ಹೋಗಿರಲಿಲ್ಲ. ಮನೆಗೆ ಫೋನ್ ಮಾಡಿದರು.

"ನಿಮ್ಮಮ್ಮನ್ನ ಈಗಲೇ ಕರ್ಕೊಂಡು ಬಾ. ಸುಮ್ನೆ, ಒಂದು ಅನುಮಾನ."

"ನಾನೇ ಮಾಡೋಣ ಅಂತಿದ್ದೆ ಕಣ್ರೀ," ಎಂದಳು ಹೆಂಡತಿ. "ಅಮ್ಮ ಬಚ್ಚಲಲ್ಲಿ ಕೂತೋಳು ಏಳ್ತಾ ಇಲ್ಲ. ಎರಡು ಕಾಲೂ ಏಳ್ತಿಲ್ಲ."

ಈ ಸಲ ಎದೆಯ ಭಾಗವನ್ನೇ ಹಿಡಿದು ಚಿತ್ರ ತೆಗೆಸಿದರು, ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ತೆಗೆಸಿದರು. ಔಷಧಿ ಒಳಗೆ ಹೋದ ಕೂಡಲೇ ಆ ಗಂಟು ಬಲ್ಬು ಹೊತ್ತಿದ ಹಾಗೆ ಹೊಳೆಯಿತು. ಹುರಿಯ ಹೊದಿಕೆಯಿಂದ ಹುಟ್ಟಿದ ಗಡ್ಡೆ. ಸರ್ಜನ್ ಬಂದು ಪರದೆ ನೋಡಿ ತಲೆಯಾಡಿಸಿದ. ಗಟ್ಟಿ ಕೈಯ, ಒರಟು ಮಾತಿನ ಮನುಷ್ಯ.

"ಕೆಟ್ಟ ಜಾತಿ ಗಡ್ಡೆ ಅನ್ಸಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆದಿದೆ. ಪೂರ್ತಿ ತೆಗೀಬಹುದು. ಆದ್ರೆ ಹುರಿ ಎಷ್ಟು ದಿನದಿಂದ ಅದುಮಿಸ್ಕೊಂಡಿದೆ ಅನ್ನೋದರ ಮೇಲೆ ಕಾಲು ನಿಂತಿದೆ. ನಡೀತಾ ಇದ್ದಾಗಲೇ ಬಂದಿದ್ರೆ ಎದೆ ತಟ್ಟಿ ಹೇಳ್ತಿದ್ದೆ. ಈಗ ನೋಡೋಣ." ಆಮೇಲೆ ಡಾಕ್ಟರ ಬೆನ್ನು ತಟ್ಟಿದ. "ಏನೇ ಹೇಳಿ, ಸೊಂಟದ ಸ್ಕ್ಯಾನ್ ನಾರ್ಮಲ್ ಅಂತ ಬಂದ್ಮೇಲೂ ಬಿಡದೆ ಮೇಲೆ ಹುಡುಕಿದ್ರಲ್ಲ. ಕಣ್ಣು ಅಂದ್ರೆ ನಿಮ್ಮದು ಕಣ್ರೀ!"

ಆಗಲೂ ಒಂದು ಮಾತು ಹೇಳಬಹುದಿತ್ತು. ಡಾಕ್ಟರು ತಲೆ ತಗ್ಗಿಸಿದರು. ವಿನಯದಿಂದ ತಲೆ ತಗ್ಗಿಸುವುದಕ್ಕೂ ನಾಚಿಕೆಯಿಂದ ತಗ್ಗಿಸುವುದಕ್ಕೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ, ಪುಣ್ಯ.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಪೂರ್ತಿ ಬಂತು. ಬಲಗಾಲು ಮೆಲ್ಲಮೆಲ್ಲಗೆ ಅತ್ತೆಯ ಮಾತು ಕೇಳತೊಡಗಿತು. ಎಡಗಾಲು ಮಾತ್ರ ಹಟ ಹಿಡಿದ ಮಗುವಿನ ಹಾಗೆ ಹಿಂದೆ ಉಳಿಯಿತು. ಅತ್ತೆ ನಾಲ್ಕು ಕಾಲಿನ ವಾಕರ್ ಹಿಡಿದು ಮನೆಗೆ ಬಂದರು. ನೆಂಟರಿಷ್ಟರು ಹಣ್ಣಿನ ಬುಟ್ಟಿ ಹಿಡಿದು ಬಂದು ಅತ್ತೆಯನ್ನು ನೋಡಿ ಅಳಿಯನನ್ನು ಹೊಗಳಿ ಹೋದರು. ಹೇಳುವವರ ಬಾಯಲ್ಲಿ ಕಥೆ ಬೆಳೆಯಿತು. ಯಾರಿಗೂ ಕಾಣದ್ದು ಅಳಿಯನಿಗೆ ಕಂಡಿತಂತೆ, ರಿಪೋರ್ಟ್ ಸರಿ ಇದ್ದರೂ ಮನಸ್ಸು ಒಪ್ಪಲಿಲ್ಲವಂತೆ, ಹೆತ್ತ ಮಗನೂ ಹೀಗೆ ನೋಡಿಕೊಳ್ಳುವುದಿಲ್ಲವಂತೆ. ಆಸ್ಪತ್ರೆಯವರು ಒಂದು ಹೂಗುಚ್ಛವನ್ನೂ ಕೊಟ್ಟರು. ಡಾಕ್ಟರು ಅದನ್ನು ಮನೆಗೆ ತಂದು, ಎಲ್ಲಿ ಇಡುವುದೆಂದು ತಿಳಿಯದೆ, ಗೋಡೆಯ ಅಂಗೈ ಗುರುತುಗಳ ಎದುರಿಗೇ ಇಟ್ಟರು.

ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಮೊದಲನೇ ಸಲ ತೆಗೆದಾಗ ಇದು ಇರ್ಲಿಲ್ವಾ?"

"ಅದು ಸೊಂಟದ ಸ್ಕ್ಯಾನ್ ಅಲ್ವಾ ಅತ್ತೆ? ಅದರಲ್ಲಿ ಎದೆಯ ಭಾಗ ಬರಲ್ಲ."

"ಓಹೋ," ಎಂದರು ಅತ್ತೆ. ಆ ದಿನದಿಂದ ಅಳಿಯ ಊಟದ ಮೇಜಿನಲ್ಲಿ ಎಷ್ಟೇ ಗೂನು ಹಾಕಿಕೊಂಡು ಕೂತರೂ ಬೆನ್ನು ನೆಟ್ಟಗೆ ಎಂಬ ಮಾತು ಬರಲಿಲ್ಲ. ಅಷ್ಟು ವರ್ಷ ಆ ಮಾತಿಗೆ ಹಲ್ಲು ಕಡಿದ ಡಾಕ್ಟರಿಗೆ ಈಗ ಅದು ಬರದಿದ್ದದ್ದೇ ತುತ್ತು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು.

ಹಾಗೇ ನುಂಗಿಕೊಂಡು ಇದ್ದುಬಿಡುತ್ತಿದ್ದರೋ ಏನೋ. ನುಂಗುವುದು ಅವರಿಗೆ ಒಗ್ಗಿಹೋಗಿತ್ತು. ಆದರೆ ಒಂದು ಮಧ್ಯಾಹ್ನ ಕನ್ನಡಕದ ಡಾಕ್ಟರಮ್ಮ ಕರಡು ರಿಪೋರ್ಟೊಂದನ್ನು ಸಹಿಗೆ ತಂದಳು. ರೋಗಿ ಒಬ್ಬ ಬಸ್ ಡ್ರೈವರ್. ಬ್ರೇಕಿನ ಮೇಲೆ ಕಾಲಿಟ್ಟದ್ದು ಗೊತ್ತಾಗುವುದಿಲ್ಲ ಎಂದು ಬಂದಿದ್ದ. ಸೊಂಟದ ಸ್ಕ್ಯಾನ್. ಡಾಕ್ಟರು ಈಚೆಗೆ ಎಣಿಕೆಯ ಚಿತ್ರವನ್ನು ಗುಟ್ಟಾಗಿ ದೊಡ್ಡದು ಮಾಡಿ ನೋಡುತ್ತಿದ್ದರು. ನೋಡಿದರೆ, ಎದೆಯ ಆರನೆಯ ಮೂಳೆಯ ಹಿಂದೆ ಅಂಥದ್ದೇ ಒಂದು ಗಂಟು. ಹುರಿ ಮುಂದಕ್ಕೆ ಸರಿದು ಮೂಳೆಗೆ ಒರಗಿತ್ತು.

"ಇದೇನಮ್ಮ ಇದು?"

"ನೀರಿನ ನೆರಳು ಸರ್," ಎಂದಳು ಅವಳು, ಪರೀಕ್ಷೆಯಲ್ಲಿ ಸರಿಯುತ್ತರ ಹೇಳುವವಳ ಉತ್ಸಾಹದಲ್ಲಿ. "ಮೊದಲು ನಾನೂ ಗಡ್ಡೆ ಅಂತಲೇ ಹೆದರಿದ್ದೆ. ಆಮೇಲೆ ನಿಮ್ಮ ಪಾಠ ನೆನಪಾಯ್ತು. ನಮ್ಮ ಬ್ಯಾಚಿನೋರೆಲ್ಲ ಈಗ ಇದನ್ನ ನೋಡಿದ್ರೆ ಹೆದರಲ್ಲ ಸರ್. ಬೇರೆ ಆಸ್ಪತ್ರೇಲಿರೋ ಸ್ನೇಹಿತರಿಗೂ ಹೇಳಿದ್ದೀನಿ."

ಡಾಕ್ಟರು ಎದ್ದು ಕಾರಿಡಾರಿಗೆ ಓಡಿದರು. ಡ್ರೈವರ್ ಅಂಗಿಯ ಗುಂಡಿ ಹಾಕಿಕೊಂಡು, ಡ್ಯೂಟಿಗೆ ಹೊತ್ತಾಯಿತೆಂದು ಲಿಫ್ಟಿನ ಹತ್ತಿರ ನಿಂತಿದ್ದ. ಕೈ ಹಿಡಿದು ವಾಪಸು ಎಳೆದುಕೊಂಡು ಬಂದರು. ಅವನಿಗೆ ಗಾಬರಿಯಾಯಿತು. ಗಾಬರಿಪಡುವಂಥದ್ದು ಏನೂ ಇಲ್ಲ ಎನ್ನಲು ಡಾಕ್ಟರಿಗೆ ಬಾಯಿ ಬರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಅತ್ತೆ ಸೋಫಾದ ಮೇಲೆ ಕೂತು ಎಡಗಾಲನ್ನು ಎತ್ತುವ ಅಭ್ಯಾಸ ಮಾಡುತ್ತಿದ್ದರು. ಕಾಲು ನೆಲದಿಂದ ಬೆರಳಷ್ಟು ಮೇಲೆ ಏಳುತ್ತಿತ್ತು, ನಡುಗುತ್ತಿತ್ತು, ಬೀಳುತ್ತಿತ್ತು. ಡಾಕ್ಟರು ಎದುರಿಗೆ ಕೂತು ಎಲ್ಲವನ್ನೂ ಹೇಳಿದರು. ಎಣಿಕೆಯ ಚಿತ್ರ, ಗ್ಯಾರೇಜಿನವನ ಫೋನು, ಪಾಠದ ಹಾಲ್, ನೀರಿನ ನೆರಳು, ಬಸ್ ಡ್ರೈವರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ತಪ್ಪಾಯ್ತು ಅತ್ತೆ," ಎಂದರು ಕೊನೆಗೆ. ಕಣ್ಣಲ್ಲಿ ನೀರು ಬಂದಿತ್ತು, ಅದು ನೆರಳಲ್ಲ, ನಿಜವಾದ ನೀರು. "ನನ್ನನ್ನ ಕ್ಷಮಿಸಿಬಿಡಿ."

ಅತ್ತೆ ಕಾಲು ಎತ್ತುವುದನ್ನು ನಿಲ್ಲಿಸಿದರು.

"ಆ ಹಾಲಲ್ಲಿ ಎಷ್ಟು ಜನ ಇದ್ರು?"

"ಹಾಲ್ ತುಂಬ."

"ಮತ್ತೆ ನನ್ನೊಬ್ಬಳ ಹತ್ರ ಬಂದು ಯಾಕೆ ಅಳ್ತಿದ್ದೀರಿ? ನಾನು ಕ್ಷಮಿಸಿದ್ರೆ ಅವರ ತಲೆಯಿಂದ ಅದು ಇಳಿದುಹೋಗುತ್ತಾ? ಮೈದಾನದಲ್ಲಿ ತಪ್ಪು ಹೆಜ್ಜೆ ಕಲಿಸಿದ್ರೆ ಮೈದಾನದಲ್ಲೇ ನಿಂತು ತಿದ್ದಬೇಕು, ಸ್ಟಾಫ್ ರೂಮಲ್ಲಿ ಅಲ್ಲ." ಮತ್ತೆ ಎಡಗಾಲು ಎತ್ತಿದರು, ಅದು ಬಿತ್ತು. "ಕ್ಷಮೆ ವಿಷಯ ಆಮೇಲೆ. ಅದನ್ನ ಈ ಕಾಲನ್ನ ಕೇಳಿ ಹೇಳ್ತೀನಿ."

ಮುಂದಿನ ಪಾಠಕ್ಕೆ ಎಲ್ಲರೂ ಬರಲೇಬೇಕೆಂದು ಡಾಕ್ಟರು ಹೇಳಿಕಳಿಸಿದರು. ಹಾಲ್ ಮತ್ತೆ ತುಂಬಿತು. ಸರ್ಜನ್ನೂ ಬಂದು ಕೂತ. ಮುಂದಿನ ಸಾಲಿನ ತುದಿಯಲ್ಲಿ, ಕನ್ನಡಕದ ಡಾಕ್ಟರಮ್ಮನ ಪಕ್ಕ, ವಾಕರ್ ಎದುರಿಗಿಟ್ಟುಕೊಂಡು ಒಬ್ಬ ಮುದುಕಿ ಕಡ್ಡಿಯ ಹಾಗೆ ನೆಟ್ಟಗೆ ಕೂತಿದ್ದರು. ಯಾರೋ ರೋಗಿ ಇರಬೇಕು ಎಂದುಕೊಂಡರು ಎಲ್ಲರೂ. ಗೋಡೆಯ ಮೇಲೆ ಅದೇ ಬೆನ್ನು ಮೂಡಿತು. ಈ ಸಲ ಹೆಸರಿನ ಮೇಲೆ ಕಪ್ಪು ಪಟ್ಟಿ ಇರಲಿಲ್ಲ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಕೆಲವು ಸಲ, ಎಷ್ಟೇ ಅನುಭವ ಇದ್ದರೂ, ಕೆಲಸದ ಒತ್ತಡದಲ್ಲಿ, ಕೆಲವು ಅಂಶಗಳು ಗಮನಕ್ಕೆ ಬಾರದೆ ಹೋಗುವ ಸಾಧ್ಯತೆ ಇರುತ್ತದೆ…"

ವಾಕರಿನ ಕಾಲು ನೆಲಕ್ಕೆ ಟಕ್ ಎಂದು ಬಡಿಯಿತು.

ಡಾಕ್ಟರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಕೆಂಪು ಚುಕ್ಕೆಯನ್ನು ಎಂಟನೆಯ ಮೂಳೆಯ ಮೇಲಿಟ್ಟರು.

"ಇದು ನೀರಿನ ನೆರಳಲ್ಲ," ಎಂದರು. "ಇದು ನಮ್ಮತ್ತೆ."

ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಬಂತು. ಮುಂದಿನವರು ಒಬ್ಬೊಬ್ಬರಾಗಿ ವಾಕರ್ ಕಡೆ ತಿರುಗಿದರು, ನಗು ನಿಂತುಹೋಯಿತು. ಸರ್ಜನ್ ಕನ್ನಡಕ ತೆಗೆದು ಒರೆಸತೊಡಗಿದ.

"ಮೊದಲನೇ ದಿನ ಎಣಿಸಿದ್ದು ನಾನೇ. ನೋಡ್ಲಿಲ್ಲ. ಇದೇ ಹಾಲಿನಲ್ಲಿ ನನಗೆ ಇದು ಕಂಡಿತು. ಕಂಡ ಮೇಲೆ ನಿಮಗೆ ಸುಳ್ಳು ಹೇಳಿದೆ, ಮರ್ಯಾದೆ ಹೋಗುತ್ತೆ ಅಂತ. ನೆರಳು ಹುರಿಯನ್ನ ತಳ್ಳಲ್ಲ. ತಳ್ಳಿದೆ ಅಂದ್ರೆ ಗಡ್ಡೆ. ಅವತ್ತು ಬರ್ಕೊಂಡಿದ್ದನ್ನ ಹೊಡೆದು ಹಾಕಿ, ಯಾರ‍್ಯಾರಿಗೆ ಹೇಳಿದ್ದೀರೋ ಅವರಿಗೂ ಹೇಳಿ, ಹೊಡೆದು ಹಾಕಿಸಿ. ಎಣಿಕೆಯ ಚಿತ್ರವನ್ನ ಎಣಿಸೋ ಹಾಗೇ ಓದಿ." ಅವರು ಚುಕ್ಕೆಯನ್ನು ಮತ್ತೆ ಮೇಲಕ್ಕೆ ಒಯ್ದರು. "ಈಗ ಇನ್ನೊಂದು ಸಲ ಎಣಿಸೋಣ. ಎದೆ ಒಂದು. ಎರಡು. ಮೂರು…"

ಐದಕ್ಕೆ ಬರುವಷ್ಟರಲ್ಲಿ ಅವರ ದನಿ ಮುಂದಿನ ಸಾಲನ್ನೂ ದಾಟುತ್ತಿರಲಿಲ್ಲ, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು.

"ಅಳಿಯಂದಿರೇ!" ಮುಂದಿನ ಸಾಲಿನಿಂದ ಸೀಟಿಯಂಥ ದನಿ ಬಂತು. "ಹಿಂದಿನೋರಿಗೆ ಕೇಳಿಸ್ತಿಲ್ಲ. ಮೊದಲಿನಿಂದ ಎಣಿಸಿ. ಬೆನ್ನು ನೆಟ್ಟಗೆ!"

ಡಾಕ್ಟರು ಬೆನ್ನು ನೆಟ್ಟಗೆ ಮಾಡಿ ಒಂದರಿಂದ ಶುರು ಮಾಡಿದರು.